ಮರುದಿನದ ಕಟ್ಟಿನ ಸಾರು

ಬೆಟಗೇರಿ ತಂಪೋಣಿ, ಗದಗ
ವೈಶಾಖದ ನಲವತ್ತೊಂದನೇ ದಿನ, ೨೧೯೧

ಪೂಜ್ಯ ಬಾಳವ್ವನವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳನ್ನು ಮದುವೆಯಾಗಿದ್ದ ನೀಲಕಂಠಪ್ಪನ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಬಿಸಿಲು ಮುಗಿಯುವತನಕ ವೈಶಾಖವನ್ನು ಮುಗಿಸುವುದು ಬೇಡವೆಂದು ನಮ್ಮ ಪಂಚಾಂಗದವರು ಒಪ್ಪಿಕೊಂಡು ಬಹಳ ವರ್ಷಗಳಾದವು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಡುನಡುವೆ ಕಾಲೇಜಿನ ಇಂಗ್ಲಿಷ್ ನುಸುಳುತ್ತದೆ; ಅದೂ ಅರ್ಧ ಮರೆತದ್ದು.

ತಂಪೋಣಿ ಎಂದರೆ ಒಂದೇ ತಂಪುಗೂಡನ್ನು ಹಂಚಿಕೊಂಡ ಏಳು ಮನೆಗಳ ಸಾಲು. ತಂಪುಗೂಡು ನಿಮ್ಮ ಫ್ರಿಜ್ಜಿನ ಮರಿಮಗ ಎನ್ನಿ, ಆಳೆತ್ತರ ಇರುತ್ತದೆ. ಮನೆಗೊಂದು ದಿನ ಅಡುಗೆಯ ಪಾಳಿ; ಪಾಳಿ ಇದ್ದವರು ಏಳೂ ಮನೆಗೆ ಬೇಯಿಸಬೇಕು. ಬಡಿಸುವ ಮೊದಲು ಸೂಜಿಯಕ್ಕ ಬಂದು ಪಾತ್ರೆಯ ನಟ್ಟನಡುವೆ ತಾಪದ ಸೂಜಿ ಚುಚ್ಚಿ ನೋಡುತ್ತಾಳೆ. ಐದು ಡಿಗ್ರಿಗಿಂತ ತಣ್ಣಗಿರಬೇಕು, ಇಲ್ಲವೇ ಅರವತ್ತಕ್ಕಿಂತ ಬಿಸಿಯಿರಬೇಕು. ಅವೆರಡರ ಮಧ್ಯದ್ದಕ್ಕೆ ನಾವು ನಡುಬಿಸಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಡೇಂಜರ್ ಅಂತ ಶುರುವಾಗುವ ಮಾತೊಂದಿತ್ತು, ಏರಿಯಾ ಅಂತಲೋ ಝೋನ್ ಅಂತಲೋ. ಮೂರು ಸಲ ನಡುಬಿಸಿಯಲ್ಲಿ ಸಿಕ್ಕಿಬಿದ್ದರೆ ಪಾಳಿ ಬೇರೆಯವರಿಗೆ ಹೋಗುತ್ತದೆ.

ಮಂಗಳವಾರದ ಪಾಳಿ ನನ್ನ ಹೆಂಡತಿ ದಾನಮ್ಮನದು. ಇಪ್ಪತ್ತಾರು ವರ್ಷ ಮಂಗಳವಾರವೆಂದರೆ ಕಟ್ಟಿನ ಸಾರು, ಅದೂ ನಿಮ್ಮ ಅಡುಗೆಯ ವಹಿಯಲ್ಲಿ ಬರೆದಿದ್ದ ಹಾಗೆಯೇ, ಹೋಳಿಗೆಯ ಬೇಳೆಯ ಕಟ್ಟು ಬಸಿದು ಮಾಡಿದ್ದು. "ಮರುದಿನ ಇನ್ನೂ ಚಲೋ ಹತ್ತತೈತಿ" ಎಂದು ನೀವು ಬರೆದಿದ್ದೀರಲ್ಲ, ಅದಕ್ಕೇ ಅವಳು ಸೋಮವಾರವೇ ಕುದಿಸಿಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಪಾಳಿಯನ್ನು ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಓಣಿಯಲ್ಲಿ ಜನ ಈಗಲೂ ದಾನಮ್ಮನ ಮಂಗಳವಾರ ಎನ್ನುತ್ತಾರೆ. ಆ ದಿನ ಕೈತಪ್ಪಿದರೆ ಅವಳ ಹೆಸರೂ ಹೋದಂತೆಯೇ.

ಮೊದಲನೇ ವಾರ ಬಹಳ ಜಾಣನೆಂದುಕೊಂಡು, ಕುದಿಯುತ್ತಿದ್ದ ಕೊಳಗವನ್ನು ಮುಚ್ಚಳ ಸಮೇತ ತಂಪುಗೂಡಿನಲ್ಲಿಟ್ಟೆ. ಬೆಳಿಗ್ಗೆ ಮುಟ್ಟಿದರೆ ಕೊಳಗ ಕೊರೆಯುತ್ತಿತ್ತು. ಸೂಜಿಯಕ್ಕ ರಿಹಾನಾ ಚುಚ್ಚಿದಳು: ಇಪ್ಪತ್ತೆಂಟು! ಸೂಜಿಯೇ ಕೆಟ್ಟಿದೆ ಎಂದೆ.

"ಸೂಜಿ ಚಲೋ ಐತಿ ಕಾಕಾ. ನಿಮ್ಮ ಸಾರಿಗೆ ಮೈ ತಣ್ಣಗ, ಹೊಟ್ಟ್ಯಾಗ ಜ್ವರ."

ಮತ್ತೆ ಕುದಿಸಿದರಾಯಿತಲ್ಲ ಎಂದೆ.

"ಕುದಿಸಿದ್ರ ಕ್ರಿಮಿ ಸಾಯ್ತಾವ್ರೀ, ಅವು ಬಿಟ್ಟ ವಿಷ ಸಾಯಂಗಿಲ್ಲ" ಎಂದು ಪೂರ್ತಿ ಚೆಲ್ಲಿಸಿದಳು. ಎರಡನೇ ವಾರ ಗೂಡಿನ ತಂಪನ್ನೇ ಹೆಚ್ಚಿಸಿದೆ. ಪಕ್ಕದಲ್ಲಿದ್ದ ಹಾಲು ಕಲ್ಲಾಯಿತು. ಸಾರಿನ ನಡುವೆ ಮಾತ್ರ ಇಪ್ಪತ್ತೆರಡು.

ಮೂರನೇ ಸೋಮವಾರ ಎದುರು ಮನೆಯ ಫಕೀರವ್ವ ತನ್ನ ಮನೆಯ ಪರಾತ, ಅಂದರೆ ಅಂಚಿರುವ ಅಗಲದ ತಟ್ಟೆ, ಹಿಡಿದುಕೊಂಡು ಬಂದಳು.

"ಅಣ್ಣಾರ, ವಾರಾ ವಾರಾ ದಾನಮ್ಮಕ್ಕ ಇದನ್ನ ಒಯ್ತಿದ್ಳು. ಎಲ್ಲಾರ ಮನೀವೂ ಒಯ್ತಿದ್ಳು. ನಿಮಗ ಬ್ಯಾಡೇನು?"

ಯಾತಕ್ಕೆ ಎಂದು ಕೇಳಿದೆ.

"ಸಾರು ತೆಳ್ಳಗ ಹರವಿ ಆರಸಾಕ, ಮತ್ತ್ಯಾಕ? ನೀವು ಮನ್ಯಾಗ ಇರ್ತಿದ್ರಲ್ಲ!"

ಇರುತ್ತಿದ್ದೆ. ಉಂಡು ಮಲಗಿರುತ್ತಿದ್ದೆ. ಅವಳು ಮನೆಮನೆ ತಿರುಗುವುದು ಹರಟೆಗೆಂದೇ ತಿಳಿದಿದ್ದೆ.

ಅಂದು ಏಳು ಪರಾತಗಳಲ್ಲಿ ಎರಡೆರಡು ಬೆರಳು ಆಳಕ್ಕೆ ಸಾರು ಸುರಿದು, ಗೂಡಿನ ಹಲಗೆಗೊಂದರಂತೆ ಇಟ್ಟೆ. ಎರಡು ತಾಸಿನೊಳಗೆ ಇಪ್ಪತ್ತಕ್ಕಿಳಿಯಿತು, ಸಂಜೆಯ ಹೊತ್ತಿಗೆ ನಾಲ್ಕು. ಮಂಗಳವಾರ ರಿಹಾನಾ ಏಳಕ್ಕೂ ಸೂಜಿ ಹಾಕಿದಳು, ಒಂದನ್ನೂ ಬಿಡಲಿಲ್ಲ. ಆಮೇಲೆ ನಕ್ಕು, "ಪಾಳಿ ಉಳೀತ್ರಿ ಕಾಕಾ. ಮಧ್ಯಾಹ್ನದ ನಿದ್ದಿ ಅಷ್ಟ ಹೋತು" ಎಂದಳು. ಸಾರನ್ನು ಕೊತಕೊತ ಕುದಿಸಿ ಬಡಿಸಿದೆ.

ಬಾಳವ್ವನವರೇ, ಈಗ ನನಗೆ ನಿಮ್ಮದೇ ಯೋಚನೆ. ನಿಮ್ಮ ಕಾಲದಲ್ಲಿ ಸಾರನ್ನು ಒಲೆಯ ಪಕ್ಕದಲ್ಲೇ ಇಟ್ಟು ಮಲಗುತ್ತಿದ್ದರಂತೆ, ನಿಜವೇ? ರಾತ್ರಿಗಳು ಅಷ್ಟು ತಂಪಾಗಿದ್ದವೇ? ಅಥವಾ ಹೊಟ್ಟೆ ಕೆಟ್ಟರೆ ಬೇರೆ ಯಾವುದನ್ನೋ ದೂರುತ್ತಿದ್ದಿರೋ? ವಹಿಯಲ್ಲಿ ಕೊಬ್ಬರಿ ಎಷ್ಟು, ಬೆಲ್ಲ ಎಷ್ಟು ಎಲ್ಲವೂ ಇದೆ. ಇಳಿಸಿದ ಸಾರು ಮರುದಿನದವರೆಗೆ ಎಲ್ಲಿತ್ತು, ಎಷ್ಟು ಹೊತ್ತಿತ್ತು ಎನ್ನುವುದು ಮಾತ್ರ ಇಲ್ಲ. ದಾನಮ್ಮನೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ವಹಿಯ ಕಟ್ಟಿನ ಸಾರಿನ ಪುಟದ ಕೆಳಗೆ ನಾಲ್ಕು ಬೆರಳು ಜಾಗ ಖಾಲಿಯಿದೆ. ದಯವಿಟ್ಟು ಅಲ್ಲಿ ಬರೆದಿಡಿ. ನಾಳೆ ಬೆಳಿಗ್ಗೆ ವಹಿ ತೆಗೆದು ನೋಡುತ್ತೇನೆ.