ಭಾವನ ಕಾರಿಗೆ ನಾನು ಆರಿಸಿದ ಇಂಜೆಕ್ಷನ್

ಘೋಡಬಂದರ್ ರಸ್ತೆ, ಠಾಣೆ
೧೬ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಯಶ್ವಂತನಿಗೆ,

ನಿನಗೂ ಮನೆಯವರಿಗೂ ಅಕ್ಕುವಿನ ಆಶೀರ್ವಾದ. ಕಾರ್ಕಳದಿಂದ ನೀನು ಕಳಿಸಿದ ಹಪ್ಪಳದ ಡಬ್ಬಿ ಖಾಲಿಯಾಗಿಯೇ ತಿಂಗಳಾಯಿತು, ತಲುಪಿತು ಎಂದು ಬರೆಯಲು ಈಗ ಕೈ ಬಂತು. ಬೈಯಬೇಡ. ಫೋನ್ ಮಾಡಬಹುದಿತ್ತು, ಆದರೆ ನೀನು ಎಲ್ಲದಕ್ಕೂ "ಆಯ್ತಕ್ಕ" ಎಂದು ಇಟ್ಟುಬಿಡುತ್ತೀ, ಈ ಸುದ್ದಿ ಅಷ್ಟರಲ್ಲಿ ಮುಗಿಯುವಂಥದ್ದಲ್ಲ.

ನಿನ್ನ ಭಾವನ ಆ ಹಳೇ ಕಾರು ನೆನಪಿದೆಯಲ್ಲ, ಎರಡು ಸೀಟಿನ ಇಟಾಲಿಯನ್ ಸ್ಪೋರ್ಟ್ಸ್ ಕಾರು? ನಮ್ಮ ಡೊಂಬಿವಲಿಯ ಹೋಟೆಲನ್ನು ಮಗ ಕೀರ್ತನ್ ನೋಡಿಕೊಳ್ಳಲು ಶುರುಮಾಡಿದ ಮೇಲೆ ಇವರಿಗೆ ಅದೇ ಮಗು. ಇಂಜಿನ್ ಬಿಚ್ಚಿಸಿ ಸಿಲಿಂಡರಿನ ಬೋರ್ ಹಿಗ್ಗಿಸಿ, ಜೋರು ಓಟಕ್ಕೆಂದು ರೇಸಿನವರ ಕ್ಯಾಮ್‌ಶಾಫ್ಟ್ ಹಾಕಿಸಿದರು. ಪೆಟ್ರೋಲ್ ಉಣಿಸುವ ಹಳೇ ಕಾರ್ಬ್ಯುರೇಟರ್ ಅದಕ್ಕೆ ಸಾಲದೆ ಸಿಗ್ನಲ್ಲಿನಲ್ಲಿ ನಿಂತಲ್ಲೇ ಬಂದ್ ಆಗತೊಡಗಿತು. ಅದರ ಬದಲು ಫ್ಯೂಯೆಲ್ ಇಂಜೆಕ್ಷನ್ ಹಾಕಿಸಲು ತುರ್ಭೆಯ ಒಂದು ಗ್ಯಾರೇಜಿಗೆ ಹೋದರು. ಅದು ಅನುಷ್ಕಾ ಎಂಬ ಹುಡುಗಿಯದು. ಇಪ್ಪತ್ತೆಂಟು ವರ್ಷ, ಸ್ವಂತ ಶೆಡ್ಡು.

ಅಂದಿನಿಂದ ಊಟದ ಮೇಜಿನಲ್ಲಿ ಅವಳದೇ ಮಾತು. "ಅನುಷ್ಕಾ ಹೇಳಿದ್ಳು", "ಅನುಷ್ಕಾನ ಕೇಳ್ಬೇಕು". ಬಂಗುಡೆ ಗಸಿಗೆ ಉಪ್ಪು ಹಾಕಲು ಮರೆತರೂ ಭಾವನಿಗೆ ಗೊತ್ತಾಗಲಿಲ್ಲ. ನನಗೆ ಹೊಟ್ಟೆ ಉರಿಯಿತು ಯಶ್ವಂತ, ಸುಳ್ಳೇಕೆ ಹೇಳಲಿ. ಐವತ್ತೆಂಟರ ಹೆಂಗಸಿಗೆ ಮಗಳ ವಯಸ್ಸಿನವಳ ಮೇಲೆ!

ಒಂದು ಭಾನುವಾರ ಅವಳೇ ಮನೆಗೆ ಬಂದು, ನಾನು ಕೊಟ್ಟ ಚಹಾ ಕುಡಿಯುತ್ತಾ ಎರಡು ದಾರಿ ಹೇಳಿದಳು. ಕಾರ್ಬ್ಯುರೇಟರ್ ಇದ್ದ ಜಾಗದಲ್ಲೇ ಕೂರುವ ಒಂದೇ ಇಂಜೆಕ್ಷನ್ ಕಿಟ್ ಹಾಕಬಹುದು. ಬೇಗ ಮುಗಿಯುವ ಕೆಲಸ. ಇಲ್ಲವೇ ನಾಲ್ಕು ಸಿಲಿಂಡರಿಗೂ ಬೇರೆಬೇರೆ ಇಂಜೆಕ್ಟರ್, ಗಾಳಿಗೂ ಬೇರೆಬೇರೆ ಬಾಯಿ. ಅದನ್ನು ಹೊಂದಿಸಲು ತಿಂಗಳುಗಟ್ಟಲೆ ಬೇಕು.

"ಅಂಕಲ್, ಈ ಕ್ಯಾಮ್‌ಗೆ ಚಾರ್ ಅಲಗ್ ಹೀ ಬೇಕು. ಒಂದೇ ಹಾಕಿದ್ರೆ ಕೊನೇ ಸಿಲಿಂಡರಿಗೆ ಪೆಟ್ರೋಲ್ ಕಮ್ಮಿ ಪಡೇಗಾ" ಎಂದಳು.

ಅವಳ ಮಾತು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಪಂಕ್ತಿಯಲ್ಲಿ ಒಬ್ಬನೇ ಬಡಿಸುತ್ತಾ ಬಂದರೆ ಕೊನೆಯ ಎಲೆಗೆ ಸಾರಿನ ನೀರೇ ಗತಿ. ಉಲ್ಹಾಸನಗರದಲ್ಲಿ ಅಪ್ಪನ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ನಾವಿಬ್ಬರೂ ಬೆಳೆದದ್ದು ಅದನ್ನೇ ನೋಡುತ್ತಾ ಅಲ್ಲವೇ? ಗಾಜಿನ ಕೊಳವೆಗಳಲ್ಲಿ ಡೀಸೆಲ್ ಸಮನಾಗಿ ಏರುತ್ತದೋ ಎಂದು ನೋಡುವಾಗ ಅಪ್ಪ "ಅಕ್ಕು, ಯಾವ್ದು ಕಮ್ಮಿ?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವಳು ಹೋದ ಮೇಲೆ ಭಾವ ಅಪ್ಪನ ಹೆಸರೆತ್ತಿ ಅರ್ಧ ತಮಾಷೆಗೆ ಕೇಳಿದರು, "ಮುಂಡಪ್ಪ ಮಾವನ ಮಗಳು ಎಂತ ಹೇಳ್ತಾಳೆ?" ಮದುವೆಯಾಗಿ ಮೂವತ್ತಮೂರು ವರ್ಷಕ್ಕೆ ಮೊದಲ ಸಲ ಇಂಜಿನ್ನಿನ ವಿಷಯ ನನ್ನನ್ನು ಕೇಳಿದ್ದು.

"ಒಂದೇ ಸಾಕು. ನಾಲ್ಕು ಹಾಕಿಸಿ ಅವಳಿಗೆ ವರ್ಷವಿಡೀ ಕೆಲಸ ಕೊಡುದು ಎಂತಕ್ಕೆ?" ಎಂದೆ.

ಅವಳು ನಾಲ್ಕು ಎಂದಳು, ಅದಕ್ಕೆ ನಾನು ಒಂದು ಎಂದೆ. ಅವಳು ಒಂದು ಎಂದಿದ್ದರೆ ನಾಲ್ಕು ಎನ್ನುತ್ತಿದ್ದೆ. ಭಾವ ನಂಬಿದರು. ಅನುಷ್ಕಾ ವಾದ ಮಾಡಿ ಸೋತು, ಮಾಲೀಕರು ಹೇಳಿದ್ದನ್ನೇ ಕೂರಿಸಿಕೊಟ್ಟಳು.

ಜನವರಿಯಲ್ಲಿ ಕಲ್ಯಾಣ್-ಶಿಳ್ ರಸ್ತೆಯಲ್ಲಿ ಭಾವ ಜೋರಾಗಿ ಓಡಿಸಿದಾಗ ಕಾರು ಹೊಗೆ ಉಗುಳಿ ನಿಂತಿತು. ಬಿಚ್ಚಿ ನೋಡಿದರೆ, ಪೆಟ್ರೋಲ್ ಸಾಲದೆ ಬಿಸಿಯೇರಿ ಕೊನೆಯ ಪಿಸ್ಟನ್ನಿಗೆ ತೂತು. ಭಾವ ಹೋಟೆಲಿನ ಕೌಂಟರಿನಲ್ಲಿ ಕೂತು, ಬಂದ ಕಾರಿನ ಗೆಳೆಯರಿಗೆಲ್ಲ "ಆ ಹುಡುಗಿಯ ಟ್ಯೂನಿಂಗೇ ಸರಿ ಇಲ್ಲ ಮಾರಾಯ್ರೆ" ಎಂದರು. ಅವರಲ್ಲಿ ಇಬ್ಬರು ಅವಳ ಶೆಡ್ಡಿನಿಂದ ತಮ್ಮ ಕಾರು ವಾಪಸು ತಂದರು. ನಾನು ಹನ್ನೊಂದು ದಿನ ಅನ್ನ ಬಡಿಸುತ್ತಾ ಸುಮ್ಮನಿದ್ದೆ. ಮೊದಲೆರಡು ದಿನ ಒಳಗೊಳಗೇ ಖುಷಿಯೂ ಆಯಿತು.

ಹನ್ನೆರಡನೆಯ ದಿನ ಭಾವನಿಗೆ ಎಲ್ಲ ಹೇಳಿದೆ. ಅವರು ಊಟ ನಿಲ್ಲಿಸಿ, "ಹೆಂಡತಿ ಮಾತು ಕೇಳಿ ಇಂಜಿನ್ ಸುಟ್ಟೆ ಅಂತ ಯಾರಿಗಾದ್ರೂ ಹೇಳ್ಲಿಕ್ಕುಂಟಾ? ಬಾಯಿ ಮುಚ್ಚಿ ಕೂತ್ಕೋ" ಎಂದರು. ಮರುದಿನ ನಾನೊಬ್ಬಳೇ ಲೋಕಲ್ ಹತ್ತಿ ತುರ್ಭೆಗೆ ಹೋದೆ.

ಅನುಷ್ಕಾ ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದಳು. "ಆಂಟಿ, ಗೊತ್ತಿದ್ದೂ ಯಾಕೆ?" ಎಂದಳು. "ಹೊಟ್ಟೆಕಿಚ್ಚು ಮಗಾ" ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. "ಅಂಕಲ್ ಕೌಂಟರ್ ಪೇ ಬೋಲಾ. ನೀವೂ ಅಲ್ಲೇ ಹೇಳಿ" ಎಂದಳು.

ಮೊನ್ನೆ ಸಂಜೆ ಹೇಳಿದೆ. ಹೋಟೆಲು ತುಂಬಿತ್ತು. ಕಾರಿನ ಗೆಳೆಯರ ಮುಂದೆ ನಿಂತು, "ಹುಡುಗಿ ನಾಲ್ಕು ಅಂದಿದ್ಳು, ಒಂದು ಅಂದದ್ದು ನಾನು, ಬೇಕಂತಲೇ ಅಂದದ್ದು" ಎಂದೆ. ಭಾವ ಅಂದಿನಿಂದ ನನ್ನೊಡನೆ ಮಾತಾಡಿಲ್ಲ, ಆದರೆ ಇವತ್ತು ಬೆಳಿಗ್ಗೆ ಕಾರನ್ನು ಟೆಂಪೋದಲ್ಲಿ ಹಾಕಿ ತುರ್ಭೆಗೆ ಕಳಿಸಿದರು. ಈ ಸಲ ನಾಲ್ಕು.

ಮಕ್ಕಳಿಗೆ ನನ್ನ ಮುತ್ತು ಕೊಡು. ನಿನ್ನ ಬೆನ್ನುನೋವಿಗೆ ಎಣ್ಣೆ ತಪ್ಪಿಸಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಅಕ್ಕು

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಅವಳು ನಿನ್ನ ಭಾವನನ್ನು ಕಿತ್ತುಕೊಳ್ಳುತ್ತಾಳೆಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಅವಳ ಶೆಡ್ಡಿನ ಬೋರ್ಡಿನ ಮೇಲೆ ಅವಳದೇ ಹೆಸರಿದೆ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ನಮ್ಮ ಪಂಪ್ ಅಂಗಡಿ ಯಾರಿಗೆ ಬಿಡಲಿ ಎಂದು ಅಪ್ಪ ನಿನ್ನನ್ನು ಕೇಳಿದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. "ಅಕ್ಕ ಕೂತ್ರೆ ಲಾರಿಯವ್ರು ಬರ್ಲಿಕ್ಕಿಲ್ಲ ಅಪ್ಪ, ಅವಳಿಗೆ ಮದುವೆ ಮಾಡಿ" ಎಂದೆ ನೀನು. ಆ ಅಂಗಡಿಯನ್ನು ನೀನು ಆರು ವರ್ಷವೂ ನಡೆಸಲಿಲ್ಲ, ಯಶ್ವಂತ. ನಾನು ನಡೆಸುತ್ತಿದ್ದೆ.