ಸದ್ದು ಮಾಡುವ ಚಪ್ಪಲಿ

ಭಾನುವಾರ, ಮಧ್ಯಾಹ್ನ

ಮುದ್ದು ಗುಬ್ಬಿ,

ನಿನ್ನ ಪತ್ರ ಬಂತು. ದತ್ತು ಕಚೇರಿಯವರು ತಿಂಗಳ ಕೊನೆಗೆ ಬಂದಾಗ ಮಗುವನ್ನು ಅವರ ಜೊತೆ ವಾಪಸು ಕಳಿಸಿಬಿಡುತ್ತೇನೆ ಎಂದು ಬರೆದಿದ್ದೀಯ. ಓದಿ, ಹೊಲಿಯುತ್ತಿದ್ದ ಬೂಟು ಕೆಳಗಿಟ್ಟೆ. ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ನೀನೇನು ಕಡಿಮೆ ಪಾಡು ಪಟ್ಟಿಲ್ಲ. ಮಗು ಬೆಚ್ಚಬಾರದೆಂದು ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟೆ, ಬಟ್ಟೆಯ ಚಪ್ಪಲಿ ಹಾಕಿಕೊಂಡು ಬೆಕ್ಕಿನ ಹಾಗೆ ಓಡಾಡಿದೆ, ನಿನ್ನ ಗಂಡನ ಸೀನಿಗೂ ಕಡಿವಾಣ ಹಾಕಿದೆ. ಆದರೂ ನೀನು ಹತ್ತಿರ ಬಂದರೆ ಹುಡುಗಿ ಬೀರುವಿನೊಳಗೆ ಸೇರಿಕೊಳ್ಳುತ್ತಾಳೆ, ಹಾಲು ಕೊಡಲು ಹೋದರೆ ಕೈ ಕಚ್ಚುತ್ತಾಳೆ. "ನನ್ನನ್ನ ಕಂಡ್ರೆ ಅವಳಿಗಾಗಲ್ಲ ಅಕ್ಕ" ಎಂದು ಬರೆದಿದ್ದೀಯ.

ಡಾಕ್ಟರಮ್ಮ ಹೇಳಿದ್ದನ್ನೂ ನೀನೇ ಬರೆದಿದ್ದೀಯಲ್ಲ, ಇನ್ನೊಮ್ಮೆ ಓದಿಕೋ. ಹೆದರಿದಾಗ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ, ಅಪಾಯ ಕಳೆದ ಮೇಲೆ ಇಳಿಯಬೇಕು. ಇವಳ ಹಾಗೆ ದಿನವೂ ಹೊಡೆತ ತಿಂದ ಮಗುವಿನಲ್ಲಿ ಅದಕ್ಕೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಬೆಳೆಯುತ್ತಿರುವ ಮಿದುಳು ಪಾಠ, ಆಟ ಎಲ್ಲವನ್ನೂ ಬದಿಗಿಟ್ಟು ಕಾವಲು ಕಾಯುವುದನ್ನೇ ಕಲಿತುಬಿಡುತ್ತದೆ. ಅದು ಇನ್ನೂ ಬೆಳೆಯುತ್ತಿದೆ, ನೆಮ್ಮದಿಯನ್ನೂ ಕಲಿಯಬಲ್ಲದು ಎಂದೂ ಆಕೆ ಹೇಳಿದ್ದಾರೆ. ಆ ಸಾಲನ್ನು ಮಾತ್ರ ನೀನು ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯ.

ಬಟ್ಟೆ ಚಪ್ಪಲಿಯ ವಿಷಯ ನೀನು ಆಕೆಗೆ ಹೇಳಿರಲಾರೆ. ಮೈಯೆಲ್ಲ ಕಿವಿಯಾಗಿ ಕಾಯುವವರಿಗೆ ಸದ್ದು ಕೇಳಿದರೇ ಧೈರ್ಯ ಕಣೇ. ಯಾರು, ಎಷ್ಟು ದೂರದಲ್ಲಿದ್ದಾರೆ ಎಂದಾದರೂ ಗೊತ್ತಾಗುತ್ತದೆ. ಸುಳಿವೇ ಕೊಡದೆ ಪಕ್ಕದಲ್ಲಿ ಬಂದು ನಿಂತರೆ ಎದೆ ಝಲ್ಲೆನ್ನುತ್ತದೆ. ಒಳ್ಳೆಯದನ್ನು ಮಾಡಲು ಹೋಗಿ ನೀನೇ ಅವಳನ್ನು ಹೆದರಿಸುತ್ತಿದ್ದೀಯ.

ಇದರ ಜೊತೆ ನಿನ್ನ ಅಳತೆಗೆ ಮರದ ಅಟ್ಟೆಯ ಚಪ್ಪಲಿ ಮಾಡಿ ಕಳಿಸಿದ್ದೇನೆ. ಚೆನ್ನಾಗಿ ಟಕಟಕ ಅನ್ನುತ್ತದೆ; ಕೆಳಗಿನ ಮನೆಯವರು ಜಗಳಕ್ಕೆ ಬಂದರೆ ನನ್ನ ಅಂಗಡಿಗೆ ಕಳಿಸು. ಅಡುಗೆಮನೆಯಿಂದಲೇ "ಬರ್ತಾ ಇದೀನಿ ಪುಟ್ಟಿ" ಅನ್ನುತ್ತಾ ಹೋಗು. ಬೀರುವಿನ ಬಾಗಿಲು ತೆಗೆಯಬೇಡ. ಲೋಟ ಹೊರಗಿಟ್ಟು, ವಾಪಸು ಹೋಗುವುದೂ ಅವಳಿಗೆ ಕೇಳುವ ಹಾಗೆ ನಡೆ. ಕಚೇರಿಯವರ ಹತ್ತಿರ ಇನ್ನಷ್ಟು ಕಾಲಾವಕಾಶ ಕೇಳು. ಅವಳನ್ನು ಕಳಿಸಬೇಡ, ಗುಬ್ಬಿ.

ಇಲ್ಲಿಂದಲೇ ನಿಮ್ಮಿಬ್ಬರ ತಲೆ ಸವರುತ್ತಾ,
ಅಕ್ಕ

ಮತ್ತೆ: ನಾನು ಅಂಗಡಿಯ ಬಾಗಿಲಿಗೆ ಗಂಟೆ ಕಟ್ಟಿಕೊಂಡು, ಬಾಗಿಲಿಗೇ ಮುಖ ಮಾಡಿ ಕೂರುತ್ತೇನೆಂದು ನೀನು ನಗುತ್ತಿರುತ್ತೀಯ. ಅಪ್ಪ ಎಷ್ಟು ಮೆತ್ತಗಿನ ಮನುಷ್ಯ, ಮನೆಯಲ್ಲಿ ಅವರ ಹೆಜ್ಜೆಯ ಸದ್ದೂ ಕೇಳುತ್ತಿರಲಿಲ್ಲ ಎಂದೂ ಹೇಳುತ್ತಿರುತ್ತೀಯ. ಅವರು ಪಕ್ಕದಲ್ಲಿ ಬಂದು ನಿಲ್ಲುವವರೆಗೂ ನನಗೂ ಕೇಳುತ್ತಿರಲಿಲ್ಲ.