ವಿನಿಯ ಮೂವತ್ತೆರಡು ಕಡ್ಡಿಗಳು

ಓಲ್ನಿ, ಮಾರ್ಚ್ 4, 1983, ಶುಕ್ರವಾರ

ಮೂವತ್ತೆರಡನೆಯದೂ ಮುಗಿಯಿತು. ನನ್ನ ಹೆಂಡತಿ ವಿನಿ ಕಣ್ಣಿನ ಆಪರೇಷನ್ನಿಗೆ ಹೋಗಿ ಹನ್ನೆರಡು ದಿನ. ಅಷ್ಟರಲ್ಲಿ ಅವಳು ಲೇಸ್ ಹೆಣೆಯುವ ಮೂಳೆಕಡ್ಡಿಗಳ ತುದಿಗೆಲ್ಲ ಹೊಸ ಮಣಿಗೊಂಚಲು. ಹೊಸದೆಂದರೆ—ನನ್ನ ಸಂಗ್ರಹದ್ದು, ನೂರೈವತ್ತು ವರ್ಷದ ಚೌಕಮಣಿ. ಕಡ್ಡಿಗೆ ಒಂಬತ್ತು, ಶಾಸ್ತ್ರೋಕ್ತ. ಅವಳಜ್ಜಿ ಕಟ್ಟಿದ್ದು ಬೂಟು-ಕೋಟಿನ ಗುಂಡಿ, ಕಪ್ಪೆಚಿಪ್ಪು, ಚೆರ್ರಿ ಬೀಜ... ಬರೀ ಕಸ. ಟಾಫಿ ಡಬ್ಬಿಗೆ ತುಂಬಿದೆ. ನಾಳೆ ಬೆಡ್‌ಫರ್ಡ್ ಲೇಸ್ ಮೇಳದಲ್ಲಿ ನಮ್ಮ ಪರಿಚಯದ ಡೋರೀನ್‌ಳ ಹಳೇ ಸಾಮಾನಿನ ಮಳಿಗೆಗೆ ದಾನ. ವಿನಿಗೆ ಸರ್‌ಪ್ರೈಸ್!

ಮಾರ್ಚ್ 9, ಬುಧವಾರ

ಕಣ್ಣು ಬರಲಿಲ್ಲ. ಎರಡೂ. ಬರುವುದೂ ಇಲ್ಲವಂತೆ.

ಕಾರಿನಲ್ಲಿ ಅವಳೇ ನನಗೆ ಸಮಾಧಾನ ಹೇಳಿದಳು. “ಮೂಗು ಸೀಟಬೇಡ ಕಣೋ, ರಸ್ತೆ ನೋಡು. ನನ್ನ ಕಡ್ಡಿ ನನಗೆ ಬೆರಳಲ್ಲೇ ಗೊತ್ತು. ತುದಿ ಮುಟ್ಟಿದ್ರೆ ಸಾಕು.”

ರಸ್ತೆ ನೋಡಿದೆ. ಆ ತುದಿಗಳೆಲ್ಲ ಡೋರೀನ್‌ಳ ಮಳಿಗೆಗೆ ಹೋಗಿ ನಾಲ್ಕು ದಿನ.

ಮಾರ್ಚ್ 10, ಬೆಳಿಗ್ಗೆ 11

ಕಡ್ಡಿಗಳು ತೂಗುವ ಲೇಸ್ ದಿಂಬಿನ ಮುಂದೆ ಕೂತಳು. ಮುಟ್ಟಿದಳು. ಮತ್ತೆ ಮುಟ್ಟಿದಳು.

“ಇದು ಯಾರ ದಿಂಬು?”

“ನಿಂದೇ.”

“ಅಪ್ಪನ ಕೋಟಿನ ಗುಂಡಿ ಎಲ್ಲಿ? ಎಲ್ಲಾ ಒಂದೇ ಥರ ಇದೆಯಲ್ಲೋ, ಆಲ್ಬರ್ಟ್!”

“ಔಷಧಿ ಪ್ರಭಾವ. ಬೆರಳು ಜೋಮು ಹಿಡಿದಿರಬೇಕು.”

ಹೌದು, ಹಾಗೇ ಅಂದೆ. ಗುಂಡಿ ಬಿಚ್ಚಿ ಗುಂಡಿಗೆ ಬಿದ್ದವನು.

ಮಾರ್ಚ್ 18

ದಿಂಬಿಗೆ ಬಟ್ಟೆ ಮುಚ್ಚಿಸಿದ್ದಾಳೆ. ಊಟ ಅರ್ಧ ತಟ್ಟೆ. “ಬೆರಳೂ ಹೋದ್ವು. ಇನ್ನು ನನ್ನಲ್ಲಿ ಉಳಿದಿದ್ದೇನು?” ಟೀ ಕೊಟ್ಟು ಸುಮ್ಮನೆ ಬಂದೆ.

ಮೇಳ ಮುಗಿಸಿ ಬೇರೆ ಊರಿಗೆ ಹೋಗಿದ್ದ ಡೋರೀನ್ ಇವತ್ತು ಸಿಕ್ಕಳು.

“ಶಾಸ್ತ್ರಿಗಳು ಕಸ ಹುಡುಕಿಕೊಂಡು ಬಂದ್ರಾ? ಅರ್ಧ ಹಂಚಿಬಿಟ್ಟೆ ಮಾರಾಯ. ಉಳಿದಿದ್ದು ಇಷ್ಟೇ.”

ಡಬ್ಬಿ ಮನೆಗೆ ತಂದೆ. ಕದ್ದು ಕಟ್ಟಿಡೋಣವೆಂದರೆ—ಯಾವ ಗುಂಡಿ ಯಾವ ಕಡ್ಡಿಗೆ? ನಾನೇ ಬಿಚ್ಚಿದವನು, ನನಗೇ ಗೊತ್ತಿಲ್ಲ. ಪುಸ್ತಕ ಓದಿ ಒಂಬತ್ತು ಎಣಿಸಿದ ಪಂಡಿತ! ಗೊತ್ತಿರುವುದು ಒಬ್ಬಳಿಗೇ.

ಮಾರ್ಚ್ 19, ಶನಿವಾರ, ಮಧ್ಯಾಹ್ನ

ಅವಳ ಮಡಿಲಿಗೆ ಡಬ್ಬಿ ಸುರಿದೆ. ಬೆರಳು ಹುಡುಕಿತು, ನಿಂತಿತು.

“ಅಪ್ಪಂದು. ...ಇದು ನಿನ್ನ ಹತ್ರ ಹೇಗೆ?”

ಹೇಳಿದೆ. ಒಂದೂ ಬಿಡದೆ.

ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಮೆಲ್ಲಗೆ, “ಒಂಬತ್ತು ದಿನ ಆಲ್ಬರ್ಟ್. ನನ್ನ ಬೆರಳು ಸತ್ತಿವೆ ಅಂದ್ಕೊಂಡಿದ್ದೆ. ನೀನು ಟೀ ತಂದು ಕೊಡ್ತಿದ್ದೆ.”

ಎದ್ದು ಬಂದು ಅತ್ತುಬಿಟ್ಟೆ.

ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗಿಂದ ಕೂಗು:

“ಅಳೋದು ಸಾಕು. ತಂತಿ, ಇಕ್ಕಳ ತಗೊಂಡು ಬಾ. ಎಡಗಡೆ ಮೊದಲನೇ ಕಡ್ಡಿಗೆ ಚೆರ್ರಿ ಬೀಜ—”

ಬೀಜ ಡಬ್ಬಿಯಲ್ಲಿ ಇಲ್ಲ. ಹೋಗಿ ಹೇಳಬೇಕು. ಇಕ್ಕಳ ಸಿಕ್ಕಿತು, ತಂತಿಯೂ ಸಿಕ್ಕಿತು. ಹೊರಟೆ.